ಕೋಣನಕುಂಟೆಯ ಕೊಟ್ಟಿಗೆಯಲ್ಲಿ ಪೆಟ್ರೋಲ್ ಕಳ್ಳ

ಗುರುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಮಾವ ಬಿದಿರು ಕೋಲು ಹಿಡಿದುಕೊಂಡು ಕೊಟ್ಟಿಗೆಯಿಂದ ಹೊರಗೆ ಬಂದರು.

“ಮತ್ತೆ ಹೋಗಿದೆ,” ಅಂದರು.

“ಎಷ್ಟು ಮಾವ?”

“ಎರಡು ಗೆರೆ. ನಿನ್ನೆ ಸಂಜೆ ಐದಿತ್ತು. ಈಗ ಮೂರು. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ.”

ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೊರಟಿದ್ದ ನಾನು ಅಲ್ಲೇ ನಿಂತೆ. ಒಂದೇ ವಾರದಲ್ಲಿ ಇದು ಮೂರನೆಯ ಸಲ.

ಕೊಟ್ಟಿಗೆ ಅನ್ನುವುದು ಈಗ ಬರೀ ಹೆಸರಿಗೆ. ಕೋಣನಕುಂಟೆ ಹಳ್ಳಿಯಾಗಿದ್ದಾಗ ಅಲ್ಲಿ ಆರು ಹಸು ಇದ್ದವಂತೆ. ಈಗ ಇರುವುದು ಒಂದು ಕಾರು. ೧೯೩೧ನೇ ಇಸವಿಯದು, ಪುಟ್ಟದು, ಹಸಿರು ಬಣ್ಣದ್ದು. ಮಾವನ ಅಪ್ಪ ಬಸವನಗುಡಿಯ ಡಾಕ್ಟರೊಬ್ಬರ ಮನೆಗೆ ಇಪ್ಪತ್ತು ವರ್ಷ ಹಾಲು ಹಾಕಿ, ಅವರು ಊರು ಬಿಡುವಾಗ ಅವರಿಂದಲೇ ಕೊಂಡ ಗಾಡಿ. ಕೊನೆಯ ಹಸು ಗೌರಿ ಹೋದ ಮೇಲೆ ಅದು ನಿಲ್ಲುತ್ತಿದ್ದ ಜಾಗಕ್ಕೆ ಕಾರು ಬಂತು. ಹೆಸರೂ ಖಾಲಿಯಿದೆಯಲ್ಲ ಅಂತ ಅಜ್ಜಿ ಕಾರನ್ನೇ ಗೌರಿ ಅಂತ ಕರೆಯಲು ಶುರುಮಾಡಿದರು. ಇಡೀ ಮನೆಯೇ ಹಾಗೆ ಕರೆಯುತ್ತದೆ, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಯಾರೋ ನೆಂಟರ ಹುಡುಗಿ ಇರಬೇಕು ಅಂದುಕೊಂಡಿದ್ದೆ.

ಗೌರಿಗೆ ಪೆಟ್ರೋಲ್ ಮೀಟರ್ ಇಲ್ಲ. ಟ್ಯಾಂಕ್ ಮುಂದುಗಡೆ, ಬಾನೆಟ್ ಕೆಳಗೆ, ಎಂಜಿನ್‌ಗಿಂತ ಮೇಲೆ ಕೂತಿದೆ. ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೋಡಬೇಕು. ಒಂದು ಗೆರೆ ಅಂದರೆ ಒಂದು ಲೀಟರ್.

ಸೋಮವಾರ ಮೊದಲ ಸಲ ಎರಡು ಗೆರೆ ಕಮ್ಮಿಯಾಗಿತ್ತು. ಮಂಗಳವಾರ ಮಾವ ಹೊಸ ಬೀಗ ತಂದು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡರು. ಬುಧವಾರ ಮತ್ತೆ ಕಮ್ಮಿ. ಈಗ ಗುರುವಾರ.

“ಇವತ್ತು ಅವನನ್ನ ಬಿಡೋಲ್ಲ,” ಅಂದರು ಮಾವ.

ಅವನು ಅಂದರೆ ಸಿದ್ದಾರೂಢ. ಮಹಡಿಯ ಬಾಡಿಗೆ ಮನೆಯವನು. ಬಾಗಲಕೋಟೆ ಕಡೆಯಿಂದ ಬಂದು ಐದು ವರ್ಷ ಆಯಿತು, ಲಿಫ್ಟ್ ರಿಪೇರಿ ಕೆಲಸ. ಗೌರಿ ಅಂದರೆ ಅವನಿಗೆ ಪ್ರಾಣ. ಭಾನುವಾರ ಮಾವ ಗಾಡಿ ತೆಗೆದರೆ ಇವನು ಒರೆಸಲು, ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಲು ಹಾಜರು. ಅದಕ್ಕೇ ಹಳೇ ಬೀಗದ ಎರಡನೇ ಕೀಲಿ ಅವನ ಹತ್ತಿರ ಇತ್ತು.

ಏಳು ಗಂಟೆಗೆ ಅವನು ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದ. ಮಾವ ಗೇಟಿಗೆ ಅಡ್ಡ ನಿಂತರು. ಎದುರುಗಡೆ ಇಸ್ತ್ರಿ ಗಾಡಿಯ ಮಾರಮ್ಮ ಕೆಂಡ ಊದುತ್ತಿದ್ದಳು. ಹಾಲಿನ ಬೂತಿನ ಹತ್ತಿರ ಐದಾರು ಜನ ಇದ್ದರು.

“ರಾತ್ರಿ ಕೊಟ್ಟಿಗೆಗೆ ಹೋಗಿದ್ಯಾ?”

“ಇಲ್ರಿ ಸರ. ಹೊಸಾ ಕೀಲಿ ನಿಮ್ಮ ಹತ್ರನ ಐತಲ್ರಿ.”

“ಲಿಫ್ಟ್ ಬಿಚ್ಚೋನಿಗೆ ಒಂದು ಬೀಗ ಬಿಚ್ಚೋದು ಕಷ್ಟನಾ? ನಿನ್ ಬಾಲ್ಕನೀಲಿ ಡಬ್ಬ ಇದೆ. ನಾನು ನೋಡಿದೀನಿ.”

“ಅದು ಗಾಡಿ ಚೈನ್ ತೊಳಿಯೋ ಸೀಮೆಎಣ್ಣಿರಿ. ಸರ, ಭಾನುವಾರನ ನಾ ಹೇಳಿದ್ನಲ್ರಿ, ಕೊಟ್ಟಿಗ್ಯಾಗ ಪೆಟ್ರೋಲ್ ವಾಸನಿ ಜಾಸ್ತಿ ಆಗೇತಿ ಅಂತ?”

“ಕದ್ದೋನೇ ಮೊದಲು ವಾಸನೆ ಸುದ್ದಿ ಎತ್ತೋದು. ನಂಗ್ಯಾಕೆ ಬರಲಿಲ್ಲ ಆ ವಾಸನೆ?”

ನಲವತ್ತು ವರ್ಷ ನಶ್ಯ ಏರಿಸಿದ ಮೂಗಿಗೆ ಯಾವ ವಾಸನೆ ಬರುತ್ತೆ? ಹಾಗಂತ ನಾನು ಹೇಳಬೇಕಿತ್ತು.

“ಕಳ್ಳನ್ನ ಮನೇಲಿ ಇಟ್ಕೊಳ್ಳೋಕೆ ಆಗಲ್ಲ. ಭಾನುವಾರ ಸಂಜೆಯೊಳಗೆ ಖಾಲಿ ಮಾಡು.”

ಮಾರಮ್ಮ ಊದುವುದು ನಿಲ್ಲಿಸಿದಳು. ಬೂತಿನ ಹತ್ತಿರದವರೂ ತಿರುಗಿ ನೋಡಿದರು. ಸಿದ್ದಾರೂಢನ ಮುಖ ಕಪ್ಪಿಟ್ಟಿತು.

“ಮನಿ ಬಿಡಂದ್ರ ಬಿಡ್ತೀನ್ರಿ,” ಅಂದ. “ಕಳ್ಳ ಅನಬ್ಯಾಡ್ರಿ. ಅದೊಂದು ಮಾತು ಹಿಂದಕ್ಕ ತಗೋರಿ.”

ಮಾವ ತಿರುಗಿ ಒಳಗೆ ಹೋಗಿಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ನನಗೆ ಡೆಂಗಿ ಬಂದು ಮಲಗಿದ್ದಾಗ ಅವನ ಹೆಂಡತಿ ರೇಣುಕವ್ವ ಹದಿನೈದು ದಿನ ಗಂಜಿ ಮಾಡಿ ತಂದು ಕುಡಿಸಿದ್ದಾಳೆ. ಅಂಥವರ ಮನೆಯವನಿಗೆ ಬೀದಿಯಲ್ಲಿ ನಿಲ್ಲಿಸಿ ಈ ಮಾತೇ? ನನ್ನ ಗಂಡ ರವಿಕಿರಣ್‌ಗೆ ಹೇಳಿದರೆ, “ಅಪ್ಪನ ಹತ್ರ ಯಾರು ಮಾತಾಡೋದು?” ಅಂತ ಟೈಲ್ಸ್ ಅಂಗಡಿಗೆ ಹೊರಟೇ ಹೋದರು. ಅಪ್ಪನ ಎದುರಿಗೆ ಅವರು ಬಾಯಿ ತೆಗೆಯುವುದು ಊಟಕ್ಕೆ ಮಾತ್ರ.

ಸಿಟ್ಟಿನಲ್ಲೇ ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಹಿಂಗೋಡೆಗೆ ಅಂಟಿಕೊಂಡಂತೆ ಕರಿಬೇವಿನ ಗಿಡ ಇದೆ. ಅದೂ ಜೋತುಬಿದ್ದಿತ್ತು. ಎಲೆ ಹಳದಿ, ಅರ್ಧ ಉದುರಿಹೋಗಿದೆ. ಬುಡದಲ್ಲಿ ಏನೋ ಘಾಟು. ಪಕ್ಕದ ಮನೆಗೆ ಪೇಂಟ್ ಹೊಡೆಯುತ್ತಿದ್ದರು, ಟರ್ಪೆಂಟೈನ್ ಚೆಲ್ಲಿರಬೇಕು ಅಂತ ಅವರನ್ನೂ ಬೈದುಕೊಂಡೆ. ಕೊನೆಗೆ ಮಹಡಿ ಹತ್ತಿ ರೇಣುಕವ್ವನ ಕುಂಡದಿಂದ ಎರಡು ಎಸಳು ಕೇಳಿದೆ. ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಕಣ್ಣು ಕೆಂಪಾಗಿತ್ತು.

“ತಗೋರಿ ಅಕ್ಕಾರ. ಇನ್ನೂ ಎರಡು ತಗೋರಿ,” ಅಂದಳು.

ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟೆ. ತಟ್ಟೆ ಇಟ್ಟು ಮಾವನ ಮುಂದೆ ಹೋಗಿ ನಿಂತೆ.

“ಮಾವ, ಆಯುಧ ಪೂಜೆಯಿಂದೀಚೆಗೆ ಗೌರಿ ಕಪ್ಪು ಹೊಗೆ ಬಿಡ್ತಿದೆಯಲ್ಲ. ಪಿಳ್ಳಣ್ಣನ್ನ ಕರೆಸೋಣ.”

“ಕರೆಸು. ಪೆಟ್ರೋಲ್ ಕದ್ದು ಸೀಮೆಎಣ್ಣೆ ಬೆರೆಸಿದಾನೆ ಅವನು. ಪಿಳ್ಳಣ್ಣನ ಬಾಯಿಂದಲೇ ಬರಲಿ.”

ಸಿದ್ದಾಪುರದ ಪಿಳ್ಳಣ್ಣ ಕಾರ್ಬೊರೇಟರ್ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಎಪ್ಪತ್ತೊಂದು ವಯಸ್ಸು. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಅವರನ್ನು ಹುಡುಕಿಕೊಂಡು ಹೋಗುತ್ತಾರೆ. ಫೋನಿನಲ್ಲಿ ನಾನು ಎಲ್ಲ ಹೇಳಿದೆ, ಬೀದಿಯ ಜಗಳವನ್ನೂ ಸೇರಿಸಿ. ಅವರು ಕೇಳಿಸಿಕೊಂಡು ಎರಡೇ ಮಾತು ಹೇಳಿದರು: “ಶನಿವಾರ ಬರ್ತೀನಿ. ಅಲ್ಲೀವರೆಗೆ ಯಾರೂ ಗಾಡಿ ಮುಟ್ಟಬೇಡಿ.”

ಶನಿವಾರ ಹತ್ತು ಗಂಟೆಗೆ ಬಂದರು. ಬಸ್ಸಿನಲ್ಲಿ. ಹೆಗಲಿಗೆ ಒಂದು ಬಟ್ಟೆ ಚೀಲ, ಅಷ್ಟೇ. ಮಾವ ಅವರೆದುರೇ ಬೀಗ ತೆಗೆದು ಕೋಲು ಇಳಿಬಿಟ್ಟರು. ಕೋಲು ಒಣಗಿದ್ದು ಒಣಗಿದ ಹಾಗೇ ಮೇಲೆ ಬಂತು.

“ನೋಡಿದ್ರಾ? ಪೂರ್ತಿ ಬಳ್ಕೊಂಡು ಹೋಗಿದಾನೆ,” ಅಂದರು ಮಾವ. “ಬಾನೆಟ್ ಎತ್ತಲಾ?”

“ಮೊದಲು ಕಾಫಿ,” ಅಂದರು ಪಿಳ್ಳಣ್ಣ.

ಜಗಲಿಯ ಮೇಲೆ ಕೂತರು. ಅಜ್ಜಿ, ಅಂದರೆ ಮಾವನ ತಾಯಿ ಮುನಿವೆಂಕಟಮ್ಮ, ಅಲ್ಲೇ ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತಿದ್ದರು. ಎಂಬತ್ತನಾಲ್ಕು ವರ್ಷ, ಕಣ್ಣು ಸ್ವಲ್ಪ ಮಂದ, ಕೈ ಚುರುಕು. ಪಿಳ್ಳಣ್ಣನ ಮಾತಿನಂತೆ ಸಿದ್ದಾರೂಢನನ್ನೂ ಕರೆದೆ. ಅವನು ಬಂದು ಮೆಟ್ಟಿಲ ಹತ್ತಿರ ನಿಂತ. ಮಾವ ಅವನ ಕಡೆ ನೋಡಲಿಲ್ಲ.

“ಬೈರಣ್ಣೋರೆ, ಇದಕ್ಕೆ ಮುಂಚೆ ಯಾವತ್ತಾದ್ರೂ ಪೆಟ್ರೋಲ್ ಹೋಗಿತ್ತಾ?” ಪಿಳ್ಳಣ್ಣ ಮಾವನನ್ನು ಕೇಳಿದರು.

“ಒಂದು ಹನಿ ಹೋಗಿಲ್ಲ.”

“ಕಾರ್ಬೊರೇಟರ್ ಯಾರಾದ್ರೂ ಬಿಚ್ಚಿದ್ರಾ?”

“ನಾನೇ. ಆಯುಧ ಪೂಜೆ ಹಿಂದಿನ ದಿನ. ಹಬ್ಬ ಅಲ್ವಾ, ಬಿಚ್ಚಿ ಒರೆಸಿ ಮತ್ತೆ ಕೂರಿಸ್ದೆ. ಪ್ರತಿ ವರ್ಷ ಮಾಡ್ತೀನಿ.”

“ಬಿಚ್ಚಿದ ಸಾಮಾನು ಎಲ್ಲಿಟ್ಟಿದ್ರಿ?”

“ಒಂದು ತಟ್ಟೇಲಿ. ಇದೇ ಜಗಲಿ ಮೇಲೆ.”

“ಕೂರಿಸೋವರೆಗೂ ನೀವು ಇಲ್ಲೇ ಇದ್ರಾ?”

“ಊಟಕ್ಕೆ ಎದ್ದೆ. ಆಮೇಲೆ ಸ್ವಲ್ಪ ಮಲಗ್ದೆ. ಯಾಕೆ?”

ಪಿಳ್ಳಣ್ಣ ಮುಂದಿನ ಪ್ರಶ್ನೆಗೆ ಹೋದರು. “ಟ್ಯಾಂಕಿಂದ ಕಾರ್ಬೊರೇಟರ್‌ಗೆ ಬರೋ ಪೈಪಲ್ಲಿ ಒಂದು ಟ್ಯಾಪ್ ಇದೆ. ರಾತ್ರಿ ಅದನ್ನ ಮುಚ್ತೀರಾ?”

“ಅದು ಬಿಗಿ. ಬಗ್ಗಿ ತಿರುಗಿಸಬೇಕು, ನನಗೆ ಮಂಡಿ ನೋವು. ಹಬ್ಬಕ್ಕೆ ಬಿಚ್ಚೋವಾಗ ಬಿಟ್ರೆ ಮೂವತ್ತು ವರ್ಷದಿಂದ ಮುಚ್ಚಿಲ್ಲ, ಏನೂ ಆಗಿಲ್ಲ. ಪಿಳ್ಳಣ್ಣ, ಕಳ್ಳ ಅಲ್ಲಿ ನಿಂತಿದಾನೆ. ನೀವು ನನ್ನ ಪೊಲೀಸ್ ಥರ ಕೇಳ್ತೀರಲ್ಲ?”

“ಅವರನ್ನೂ ಕೇಳ್ತೀನಿ.” ಸಿದ್ದಾರೂಢನ ಕಡೆ ತಿರುಗಿದರು. “ವಾಸನೆ ಜಾಸ್ತಿ ಆಗಿದೆ ಅಂದ್ರಂತೆ. ಎಲ್ಲಿ ಬಂತು? ಗಾಡಿ ಹತ್ರಾನಾ, ಕೊಟ್ಟಿಗೆ ತುಂಬಾನಾ?”

“ಗಾಡಿ ಹತ್ರ ಅಷ್ಟ ಇರಲಿಲ್ರಿ. ಹಿಂದಿನ ಗ್ವಾಡಿ ಕಡೆ ಭಾಳ ಇತ್ರಿ. ಅದಕ್ಕ ನನಗ ಒಗಟಾಗಿತ್ರಿ.”

“ಹಿಂದಿನ ಗೋಡೆ ಕಡೆ,” ಅಂದರು ಪಿಳ್ಳಣ್ಣ, ಲೋಟ ಕೆಳಗಿಟ್ಟು. “ಅಮ್ಮ, ಆ ಗೋಡೆ ಆಚೆ ಏನಿದೆ?”

ನನ್ನನ್ನು ಕೇಳಿದ್ದು. “ಹಿತ್ತಲು. ಒಂದು ಕರಿಬೇವಿನ ಗಿಡ. ಅದೂ ಒಣಗ್ತಾ ಇದೆ.”

“ಯಾವಾಗಿಂದ?”

“ಹಬ್ಬ ಆದ್ಮೇಲಿಂದ.”

“ನಾನು ಅದಕ್ಕೆ ಒಲೆ ಬೂದಿ ಹಾಕ್ತಾನೇ ಇದೀನಿ,” ಅಂದರು ಅಜ್ಜಿ. ಭಾನುವಾರದ ಎಣ್ಣೆ ನೀರಿಗೆ ಹಂಡೆ ಒಲೆಯೇ ಆಗಬೇಕು ಅವರಿಗೆ. “ಆದ್ರೂ ಚೇತರಿಸ್ಕೊಳ್ತಿಲ್ಲ.”

“ಬೂದಿ ಬಿಸಿ ಇರುತ್ತಾ ಅವ್ವ?”

“ಇಲ್ಲಪ್ಪ. ತಣ್ಣಗಾದ ಮೇಲೆ ಮಾರನೇ ದಿನ ಹಾಕೋದು.”

ಪಿಳ್ಳಣ್ಣ ಉಸಿರು ಬಿಟ್ಟರು. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

“ಅವ್ವ, ಹಬ್ಬಕ್ಕೆ ಹಿತ್ತಾಳೆ ಸಾಮಾನೆಲ್ಲ ಯಾರು ಬೆಳಗಿದ್ದು?”

“ಇನ್ಯಾರು? ನಾನೇ. ಇವಳು ಬೆಳಗಿದ್ರೆ ಹೊಳಪೇ ಬರಲ್ಲ.” ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. “ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ಜುಂಗು. ವರ್ಷಾ ವರ್ಷಾ ಹನ್ನೆರಡು ಸಾಮಾನು. ಈ ಸಲ ಹದಿಮೂರಾಯ್ತು. ಮಧ್ಯಾಹ್ನವೆಲ್ಲ ಇಲ್ಲೇ ಕೂತು ತಿಕ್ಕಿದೀನಿ.”

“ಸರಿ,” ಅಂದರು ಪಿಳ್ಳಣ್ಣ. “ಈಗ ಕೊಟ್ಟಿಗೆ ನೋಡೋಣ.”

ಆದರೆ ಅವರು ನೋಡಿದ್ದು ಗಾಡಿಯನ್ನಲ್ಲ, ನೆಲವನ್ನು. ಕೊಟ್ಟಿಗೆಗೆ ಹಳೇ ಚಪ್ಪಡಿ ಕಲ್ಲು. ನಡುವೆ ಉದ್ದಕ್ಕೆ ಒಂದು ಸಣ್ಣ ಕಾಲುವೆ, ಹಸುಗಳ ಗಂಜಲ ಹರಿದುಹೋಗಲು ಮಾಡಿದ್ದು. ಅದು ಹಿಂಗೋಡೆಯ ಬುಡದ ತೂತಿನಲ್ಲಿ ಮಾಯವಾಗುತ್ತದೆ. ಮಾವ ಕಾಂಕ್ರೀಟ್ ಹಾಕಿಸಲು ಹೊರಟಾಗ ಅಜ್ಜಿ ಬಿಟ್ಟಿರಲಿಲ್ಲ. ನೆಲ ಒಣಗಿತ್ತು. ಎಣ್ಣೆಯ ಹಳೇ ಕಲೆ ಬಿಟ್ಟರೆ ಏನೂ ಇಲ್ಲ.

“ಒಂದು ಚೊಂಬು ನೀರು ಕೊಡಿ. ಅಮ್ಮ, ನೀವು ಹಿತ್ತಲಿಗೆ ಹೋಗಿ ನಿಂತ್ಕೊಳ್ಳಿ. ಏನು ಕಾಣುತ್ತೋ ಕೂಗಿ ಹೇಳಿ.”

ಹೋಗಿ ನಿಂತೆ. ಒಳಗೆ ನೀರು ಸುರಿದ ಸದ್ದು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಗೋಡೆಯ ತೂತಿನಿಂದ ನೀರು ಬಂತು. ಬಂದು ಸೀದಾ ಕರಿಬೇವಿನ ಬುಡಕ್ಕೆ ಇಳಿಯಿತು.

ಬಗ್ಗಿ ಮಣ್ಣು ಮೂಸಿದೆ. ಟರ್ಪೆಂಟೈನ್ ಅಲ್ಲ. ಪೆಟ್ರೋಲ್.

“ಮಾವ,” ಅಂತ ಕೂಗಿದೆ. “ನಿಮ್ಮ ಪೆಟ್ರೋಲ್ ಇಲ್ಲಿದೆ.”

ಬೂದಿ ಸ್ವಲ್ಪ ಬಿಸಿಯಾಗಿದ್ದಿದ್ದರೆ? ಅಜ್ಜಿ ಅಲ್ಲೇ ಬಗ್ಗಿ ನಿಂತಿರುತ್ತಿದ್ದರು. ನಾನು ಒಳಗೆ ಬಂದೆ.

ಮಾವ ಒಪ್ಪಲಿಲ್ಲ. “ಸೋರಿದ್ರೆ ಗಾಡಿ ಕೆಳಗೆ ಕಾಣಬೇಕಿತ್ತು.”

“ಎಂಜಿನ್ ಕೆಳಗೆ ತಗಡಿನ ತಟ್ಟೆ ಇದೆ. ತೊಟ್ಟು ತೊಟ್ಟಾಗಿ ಅದರ ಮೇಲೆ ಬಿದ್ದು, ಹಿಂದಕ್ಕೆ ಹರಿದು, ಸೀದಾ ಕಾಲುವೆಗೆ. ನೀವು ನಿಂತ್ಕೊಂಡು ಕೋಲು ನೋಡಿದ್ರಿ. ಬಗ್ಗಿ ತಟ್ಟೆ ನೋಡಲಿಲ್ಲ.”

“ಹೊಸ ಗ್ಯಾಸ್ಕೆಟ್ ಹಾಕಿದೀನಿ. ಸೋರೋಕೆ ಕಾರಣ?”

ಆಗ ಪಿಳ್ಳಣ್ಣ ಬಾನೆಟ್ ಎತ್ತಿದರು. ಟ್ಯಾಪ್ ಮುಚ್ಚಿದರು, ಅವರಿಗೂ ಮುಖ ಕೆಂಪಾಗುವಷ್ಟು ಬಿಗಿಯಾಗಿತ್ತು. ಕಾರ್ಬೊರೇಟರ್ ಬಿಚ್ಚಿ ಬೆಳಕಿಗೆ ತಂದು, ಜಗಲಿಯ ಮೇಲೆ ಹಳೇ ಪೇಪರ್ ಹಾಸಿ ಮುಚ್ಚಳ ತೆಗೆದರು. ನಾವೆಲ್ಲ ಬಗ್ಗಿ ನೋಡಿದೆವು. ಒಳಗೆಲ್ಲ ಕಂದು ಬಣ್ಣ, ಮಂಕು. ನಡುವೆ ಪೇಡೆಯಷ್ಟು ಅಗಲದ ಒಂದು ಹಿತ್ತಾಳೆ ಬುರುಡೆ. ಅದನ್ನು ತೆಗೆದು, ಒರೆಸಿ, ಪೇಪರ್ ಮೇಲಿಟ್ಟರು.

“ಇದು ಫ್ಲೋಟು. ಒಳಗೆ ಬರೀ ಗಾಳಿ. ನಿಮ್ಮ ಮಹಡಿ ಮೇಲಿನ ನೀರಿನ ಟ್ಯಾಂಕಲ್ಲಿ ಬಾಲ್ ಇದೆಯಲ್ಲ, ನೀರು ತುಂಬಿದ್ರೆ ತೇಲಿ ಬಂದು ಪೈಪ್ ಮುಚ್ಚುತ್ತಲ್ಲ? ಇದರ ಕೆಲಸಾನೂ ಅದೇ. ಪೆಟ್ರೋಲ್ ಸಾಕು ಅಂದಾಗ ತೇಲಿ ಬಾಗಿಲು ಹಾಕ್ಬೇಕು.”

ಎತ್ತಿ ಮಾವನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕುಳುಕ್ ಅಂತು.

“ಗಾಳಿ ಅಂದ್ರಲ್ಲ?”

“ಅದೇ ನಾನೂ ಕೇಳ್ತಿರೋದು. ಅಮ್ಮ, ಒಂದು ಪಾತ್ರೇಲಿ ನೀರು ಕಾಯಿಸಿ, ಒಲೆ ಆರಿಸಿ, ನೀರು ಮಾತ್ರ ಹೊರಗೆ ತನ್ನಿ.”

ತಂದೆ. ಆವಿ ಏಳುತ್ತಿತ್ತು. ಅವರು ಫ್ಲೋಟನ್ನು ಇಕ್ಕಳದಲ್ಲಿ ಹಿಡಿದು ನೀರಿನೊಳಗೆ ಒತ್ತಿದರು. ಬುರುಡೆಯ ಎರಡು ಅರ್ಧ ಸೇರುವ ಬೆಸುಗೆಯ ಗೆರೆಯಲ್ಲಿ ಒಂದೇ ಕಡೆಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಂದರ ಹಿಂದೊಂದು.

“ತೂತು,” ಅಂದರು ಪಿಳ್ಳಣ್ಣ. “ಸೂಜಿ ಮೊನೆಯಷ್ಟು. ಒಳಗೆ ಪೆಟ್ರೋಲ್ ಸೇರಿದೆ, ಭಾರ ಆಗಿದೆ, ಅರ್ಧ ಮುಳುಗಿ ನಿಂತಿದೆ. ಬಾಗಿಲು ಪೂರ್ತಿ ಮುಚ್ಚಲ್ಲ. ಗಾಡಿ ನಿಂತಿದ್ರೂ ಮೇಲಿನ ಟ್ಯಾಂಕಿಂದ ಇಳೀತಾನೇ ಇರುತ್ತೆ. ಓಡುವಾಗ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ. ಸೀಮೆಎಣ್ಣೆ ಅಲ್ಲ.”

“ಹಾಗಾದ್ರೆ ಅವನೇ ಚುಚ್ಚಿದಾನೆ.” ಮಾವ ಇನ್ನೂ ಬಿಡಲಿಲ್ಲ.

“ಪೆಟ್ರೋಲ್ ಕದಿಯೋನು ಅದನ್ನ ಚರಂಡಿಗೆ ಯಾಕೆ ಬಿಡ್ತಾನೆ, ಬೈರಣ್ಣೋರೆ?”

ಪಿಳ್ಳಣ್ಣ ಬಿಚ್ಚಿಟ್ಟ ಸಾಮಾನುಗಳ ಕಡೆ ಕೈ ತೋರಿಸಿದರು.

“ನಾವೆಲ್ಲ ಒಂದನ್ನ ನೋಡಿದ್ವಿ, ನೋಡಿಯೂ ಬಿಟ್ವಿ. ಈ ಪೇಪರ್ ಮೇಲಿರೋದನ್ನೆಲ್ಲ ಇನ್ನೊಂದು ಸಲ ನೋಡಿ. ಎಲ್ಲಾ ಮಂಕು. ಇದೊಂದು ಮಾತ್ರ ಬಂಗಾರದ ಹಾಗಿದೆ. ನೀವು ಯಾವುದರಲ್ಲಿ ಒರೆಸಿದ್ರಿ?”

“ಪೆಟ್ರೋಲಲ್ಲಿ. ಬನಿಯನ್ ಬಟ್ಟೇಲಿ.”

“ಪೆಟ್ರೋಲ್ ಕೊಳೆ ತೆಗೆಯುತ್ತೆ. ತೊಂಬತ್ತು ವರ್ಷದ ಹಿತ್ತಾಳೆಗೆ ಈ ಹೊಳಪು ಕೊಡಲ್ಲ. ಇದಕ್ಕೆ ಹುಳಿ ಬೇಕು, ತಿಕ್ಕೋ ಕೈ ಬೇಕು.” ಚೀಲದಿಂದ ಒಂದು ಹಲ್ಲುಕಡ್ಡಿ ತೆಗೆದು ಬೆಸುಗೆಯ ಸಂದಿಯಲ್ಲಿ ಎಳೆದರು. ತುದಿಗೆ ಕೂದಲಿನಂಥ ಕಂದು ಎಳೆ ಸಿಕ್ಕಿಕೊಂಡು ಬಂತು. ನನ್ನ ಕೈಮೇಲೆ ಇಟ್ಟರು.

ನಾನು ದಿನಾ ಸಾರಿಗೆ ನೆನೆಹಾಕುವವಳು. ಹುಣಸೆಯ ನಾರು ಗೊತ್ತಾಗುವುದಿಲ್ಲವೇ? ಹನ್ನೆರಡು ಹದಿಮೂರು ಆದದ್ದು ಹೇಗೆ ಅಂತಲೂ ಆ ಕ್ಷಣವೇ ಗೊತ್ತಾಯಿತು. ನಾರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಪಿಳ್ಳಣ್ಣ ಹಲ್ಲುಕಡ್ಡಿ ಒರೆಸುತ್ತಾ ಕೂತರು.

“ಆ ಡಬ್ಬೀನಾ?” ಅಂದರು ಅಜ್ಜಿ.

ಮಾವ ತಿರುಗಿದರು. “ಯಾವ ಡಬ್ಬಿ ಅವ್ವ?”

“ಕುಂಕುಮದ ಡಬ್ಬಿ ಅಂದ್ಕೊಂಡೆ ಕಣೋ. ತಟ್ಟೇಲಿ ಮಂಕಾಗಿ ಕೂತಿತ್ತು. ಹಬ್ಬದ ದಿನ ಹಿತ್ತಾಳೆ ಹಂಗಿರಬಾರದು ಅಂತ ಇದನ್ನೂ ತಿಕ್ದೆ. ಒಳಗೂ ತೊಳೆಯೋಣ ಅಂದ್ರೆ ಮುಚ್ಚಳ ಬರಲೇ ಇಲ್ಲ. ಎಷ್ಟು ತಿರುವಿದ್ರೂ ಇಲ್ಲ.” ಬಲಗೈ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಮುಟ್ಟಿ ತೋರಿಸಿದರು. “ಇದನ್ನ ಸಂದೀಲಿ ಹಾಕಿ ಮೀಟ್ದೆ. ಆಮೇಲೆ ಸಾಕು ಅಂತ ತಟ್ಟೇಲೇ ಇಟ್ಬಿಟ್ಟೆ.”

ಅಜ್ಜಿಯ ಕಣ್ಣು ಸಿದ್ದಾರೂಢನ ಮೇಲಿತ್ತು.

“ನನ್ನಿಂದ ನಿನಗೆ ಕಳ್ಳ ಅನ್ನೋ ಹೆಸರು ಬಂತೇನಪ್ಪ?” ಅಂದರು. ಧ್ವನಿ ಒಡೆದಿತ್ತು.

“ಇಲ್ಲ ಅವ್ವ,” ಅಂದರು ಪಿಳ್ಳಣ್ಣ, ಮೆಲ್ಲಗೆ. “ತೂತು ಮಾಡಿದ್ದು ನಿಮ್ಮ ಪಿನ್ನು, ನಿಜ. ಪೆಟ್ರೋಲ್ ಕಳೆದಿದ್ದು ನೀವಲ್ಲ. ಫ್ಲೋಟು ಯಾವತ್ತಾದ್ರೂ ಕೈ ಕೊಡುತ್ತೆ ಅಂತಾನೇ ಪೈಪಿಗೆ ಟ್ಯಾಪ್ ಇಟ್ಟಿರೋದು. ರಾತ್ರಿ ಅದನ್ನ ಮುಚ್ಚಿದ್ದಿದ್ರೆ ಹತ್ತು ತೂತಿದ್ರೂ ಟ್ಯಾಂಕಿಂದ ಒಂದು ಹನಿ ಇಳೀತಿರಲಿಲ್ಲ.”

ಮಾವನ ಹೆಸರು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಮಾವ ಜಗಲಿಯ ಅಂಚಿನಲ್ಲಿ ಕೂತು ಎರಡೂ ಮಂಡಿ ಹಿಡಿದುಕೊಂಡರು. ನಶ್ಯದ ಡಬ್ಬಿ ತೆಗೆದು, ಏರಿಸದೆ, ಮತ್ತೆ ಜೇಬಿಗೆ ಹಾಕಿದರು.

ಮುಂದಿನದು ಪಿಳ್ಳಣ್ಣನಿಗೆ ಅರ್ಧ ಗಂಟೆಯ ಕೆಲಸ. ಬಿಸಿನೀರಿನಲ್ಲಿ ಮತ್ತೆ ಮತ್ತೆ ಮುಳುಗಿಸಿ ಒಳಗಿನ ಪೆಟ್ರೋಲನ್ನೆಲ್ಲ ಹೊರಡಿಸಿದರು, ಬಿಸಿಲಿಗಿಟ್ಟು ಒಣಗಿಸಿದರು. ಕಿವಿ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸಿ ಖಾತ್ರಿಯಾದ ಮೇಲೆಯೇ ಬೆಸುಗೆ ಕಡ್ಡಿ ಕಾಯಿಸಿದ್ದು. ಸಾಸಿವೆಕಾಳಿನಷ್ಟು ಸೀಸ ಇಟ್ಟರು. ಅದರಲ್ಲೂ ಹೆಚ್ಚಾದದ್ದನ್ನು ಅರದಿಂದ ಉಜ್ಜಿ ತೆಗೆದರು. “ತೂಕ ಹೆಚ್ಚಾದ್ರೆ ಮತ್ತೆ ಮುಳುಗುತ್ತೆ,” ಅಂದರು. ಬಿಸಿನೀರಿಗೆ ಹಾಕಿದರೆ ಈ ಸಲ ಒಂದು ಗುಳ್ಳೆಯೂ ಇಲ್ಲ.

ಅಜ್ಜಿ ಬಗ್ಗಿ ನೋಡುತ್ತಿದ್ದವರು ಕೇಳಿದರು, “ಹಂಗಾದ್ರೆ ಅದರೊಳಗೆ ಏನೂ ಇರಲಿಲ್ವೇ?”

“ಗಾಳಿ ಅವ್ವ. ಬರೀ ಗಾಳಿ.”

“ಗಾಳಿ ಇಡೋಕೆ ಇಷ್ಟು ಭದ್ರ ಮಾಡ್ತಾರಾ?”

ಸಿದ್ದಾರೂಢ ನಕ್ಕ. ಮೂರು ದಿನದಲ್ಲಿ ಮೊದಲ ಸಲ. ಅವನು ನಕ್ಕಿದ್ದು ನೋಡಿ ನನಗೂ ಮನಸ್ಸು ಹಗುರಾಯಿತು.

ಮತ್ತೆ ಕೂರಿಸಿ, ಪೆಟ್ರೋಲ್ ಹಾಕಿ, ಟ್ಯಾಪ್ ತೆರೆದು, ಗಾಡಿಯ ಕೆಳಗೆ ಪೇಪರ್ ಹಾಸಿ ಪಿಳ್ಳಣ್ಣ ಎರಡನೇ ಕಾಫಿ ಕುಡಿದರು. ಪೇಪರ್ ಒಣಗಿಯೇ ಇತ್ತು.

ಮಾವ ಎದ್ದು ಮೆಟ್ಟಿಲ ಹತ್ತಿರ ಹೋದರು.

“ಚೀಲಗಳನ್ನ ಬಿಚ್ಚಪ್ಪ. ಇಲ್ಲೇ ಇರಿ. ನನ್ನಿಂದ ತಪ್ಪಾಯ್ತು.”

ಸಿದ್ದಾರೂಢ ತಲೆಯಾಡಿಸಿದ. ಆದರೂ ಕದಲಲಿಲ್ಲ. “ಮನಿ ನೀವು ಇಲ್ಲಿ ನಿಂತು ಕೊಟ್ರಿ ಸರ,” ಅಂದ. “ಆ ಮಾತು ಗೇಟಿನ್ಯಾಗ ನಿಂತು ಆಡಿದ್ರಿ.”

ಅಷ್ಟೇ ಹೇಳಿ ಮಹಡಿ ಹತ್ತಿದ. ಮಾವ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾವ ಗೌರಿಯನ್ನು ಅಂಗಳಕ್ಕೆ ತಳ್ಳಿಸಿದರು. ಸಿದ್ದಾರೂಢ ಎಂದಿನಂತೆ ಹ್ಯಾಂಡಲ್ ತಿರುಗಿಸಲು ಬಂದ. ಮಾವ ಅದನ್ನು ಅವನ ಕೈಯಿಂದ ತೆಗೆದುಕೊಂಡರು.

“ನಾನು ತಿರುಗಿಸ್ತೀನಿ. ನೀನು ಸ್ಟೇರಿಂಗ್ ಹಿಡಿ.”

ನಾನು ಕೇಳಿದ್ದು ನಿಜವೇ ಅಂತ ರವಿಕಿರಣ್ ಮುಖ ನೋಡಿದೆ. ಹೆತ್ತ ಮಗನಿಗೇ ಕೊಡದ ಸ್ಟೇರಿಂಗ್ ಅದು. ಗೌರಿ ಮೂರನೇ ಸುತ್ತಿಗೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಅಜ್ಜಿ ಮುಂದೆ ಕೂತರು. ಹಿಂದೆ ನಾನು, ರೇಣುಕವ್ವ, ಬಾಗಿಲ ಪಕ್ಕ ಮಾವ. ಗೇಟು ದಾಟಿದ್ದೇ, “ನಿಲ್ಸು,” ಅಂದರು ಮಾವ.

ಇಳಿದು ಮಾರಮ್ಮನ ಇಸ್ತ್ರಿ ಗಾಡಿಯ ಮುಂದೆ ನಿಂತರು.

“ಮಾರಮ್ಮ, ಗುರುವಾರ ನಾನು ಈ ಸಿದ್ದಾರೂಢನ್ನ ಕಳ್ಳ ಅಂದೆ. ಕೇಳಿಸ್ಕೊಂಡ್ಯಲ್ಲ?”

“ಕೇಳಿಸ್ತಣ್ಣ,” ಅಂದಳು ಅವಳು, ಗಾಬರಿಯಿಂದ.

“ಇದನ್ನೂ ಕೇಳಿಸ್ಕೋ. ಅವನು ಏನೂ ಕದ್ದಿಲ್ಲ. ಪೆಟ್ರೋಲ್ ಟ್ಯಾಪ್ ಮುಚ್ಚದೆ ಸೋರಿಸಿದೋನು ನಾನು. ತಪ್ಪು ನಂದು.”

ಬಂದು ಕೂತರು. ಹಾಲಿನ ಬೂತಿನ ಹತ್ತಿರ ಮತ್ತೆ ನಿಲ್ಲಿಸಿದರು. ಇಳಿದರು, ಅದೇ ಮಾತು ಹೇಳಿದರು. ಬೇಕರಿಯ ಮುಂದೆ ಮತ್ತೆ. ಎಲ್ಲೂ ಪಿನ್ನಿನ ಮಾತಿಲ್ಲ, ಡಬ್ಬಿಯ ಮಾತಿಲ್ಲ. ಅಜ್ಜಿ ಪ್ರತಿ ಸಲವೂ ಬಾಯಿ ತೆರೆದು, ಮಗನ ಮುಖ ನೋಡಿ ಮುಚ್ಚಿಕೊಂಡರು. ಇಷ್ಟು ವರ್ಷದಲ್ಲಿ ಮಾವನ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಬಂದದ್ದಿಲ್ಲ.

“ಸಾಕ್ರಿ ಸರ,” ಅಂದ ಸಿದ್ದಾರೂಢ. ಮುಂದಿನ ಗಾಜನ್ನೇ ನೋಡುತ್ತಿದ್ದ, ಕಣ್ಣು ಒದ್ದೆಯಾಗಿತ್ತು. “ಕೂಡ್ರಿ. ಹೋಗೂಣು.”

“ಇರಪ್ಪ. ಗಿರಣಿಯವನು ಬಾಕಿ ಇದಾನೆ,” ಅಂದರು ಮಾವ.

ಗಿರಣಿಯೂ ಆಯಿತು. ಆಮೇಲೆ ಕನಕಪುರ ರಸ್ತೆಗೆ ಹೋಗಿ, ವಸಂತಪುರದ ದೇವಸ್ಥಾನದವರೆಗೂ ಸುತ್ತಿ ಬಂದೆವು. ರೇಣುಕವ್ವ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ಕೊಟ್ಟಿಗೆಗೆ ಬಂದು ಎಂಜಿನ್ ಆರಿಸಿದ ಮೇಲೆ ಮಾವ ಮಂಡಿ ಊರಿ ಟ್ಯಾಪ್ ತಿರುಗಿಸಿದರು. ಆಗಲಿಲ್ಲ. ಸಿದ್ದಾರೂಢ ಕೈ ಕೊಟ್ಟ. ಇಬ್ಬರೂ ಸೇರಿ ಮುಚ್ಚಿದರು. ಬೀಗ ಹಾಕಿ ಕೀಲಿಯನ್ನು ಮಾವ ಉಡುದಾರಕ್ಕೆ ಕಟ್ಟಿಕೊಳ್ಳಲಿಲ್ಲ, ಅವನ ಅಂಗೈಯಲ್ಲಿಟ್ಟರು.

ಸೋಮವಾರ ಬೆಳಿಗ್ಗೆ ಆರೂವರೆಗೆ ಸಿದ್ದಾರೂಢ ಬಿದಿರು ಕೋಲು ಹಿಡಿದುಕೊಂಡು ಕೊಟ್ಟಿಗೆಯಿಂದ ಹೊರಗೆ ಬಂದ. ಮಾವ ಜಗಲಿಯ ಮೇಲೆ ಕಾಯುತ್ತಿದ್ದರು.

“ಎಷ್ಟಿದೆ?”

“ನಾಲ್ಕು ಗೆರಿರಿ. ನಿನ್ನಿ ಎಷ್ಟಿತ್ತೋ ಅಷ್ಟ ಐತ್ರಿ.”

“ಬಾ, ಕಾಫಿ ಕುಡಿ,” ಅಂದರು ಮಾವ.